ಮಧ್ಯವರ್ತಿ ಹೊರುವ ಹೊರೆ: ಆನ್‌ಲೈನ್ ಸೇವೆಗೆ ವ್ಯವಹಾರ ಮಾದರಿ ಕಟ್ಟುವ ಬಗೆ

ಕೊಳ್ಳುವವರನ್ನೂ ಮಾರುವವರನ್ನೂ, ಅಥವಾ ಸೇವೆ ಬೇಕಾದವರನ್ನೂ ಅದನ್ನು ಒದಗಿಸಬಲ್ಲವರನ್ನೂ ಅಂತರ್ಜಾಲದ ಮೂಲಕ ಕೂಡಿಸಿ, ಅದಕ್ಕೆ ಯಾವುದಾದರೊಂದು ರೂಪದಲ್ಲಿ ಪ್ರತಿಫಲ ಪಡೆಯುವ ಉದ್ಯಮವೇ ಆನ್‌ಲೈನ್ ಮಧ್ಯವರ್ತಿ ಸೇವೆ. ಇಂಥ ಸೇವೆ ಆರಂಭಿಸುವವರು ಸಾಮಾನ್ಯವಾಗಿ ಆ್ಯಪ್ ಹೇಗಿರಬೇಕೆಂಬುದರಿಂದ ಹೊರಟು, ಹಣ ಯಾರಿಂದ, ಯಾವಾಗ, ಎಷ್ಟು ಬರಬೇಕೆಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಆ ಪ್ರಶ್ನೆ ಎದುರಾದಾಗ ದೊಡ್ಡ ಕಂಪನಿಗಳೆಲ್ಲ ಶೇಕಡಾವಾರು ಕಮಿಷನ್ ಪಡೆಯುತ್ತವೆಂಬ ಒಂದೇ ಕಾರಣಕ್ಕೆ ತಾವೂ ಅದನ್ನೇ ಹಿಡಿಯುತ್ತಾರೆ. ಇದು ತಿರುಗುಮುರುಗಾದ ಕ್ರಮ. ಮಧ್ಯವರ್ತಿಯು ಎರಡು ಪಕ್ಷಗಳ ಪರವಾಗಿ ಯಾವ ಹೊರೆಯನ್ನು ಹೊರುತ್ತಾನೆಂಬುದು ಮೊದಲು ಸ್ಪಷ್ಟವಾಗಬೇಕು. ಶುಲ್ಕದ ರೂಪ, ಅದರ ಪ್ರಮಾಣ ಮತ್ತು ಅದನ್ನು ಕೊಡಬೇಕಾದವರು ಯಾರೆಂಬ ತೀರ್ಮಾನ ಆ ಹೊರೆಯಿಂದಲೇ ಹುಟ್ಟಬೇಕು.

ಈ ಮಾತನ್ನು ಪರೀಕ್ಷಿಸಲು ಉತ್ತರ ಬೆಂಗಳೂರು ತಕ್ಕ ಜಾಗ. ಯಶವಂತಪುರದ ಎಪಿಎಂಸಿ ಯಾರ್ಡಿನ ಮಂಡಿಗಳು, ಹೆಬ್ಬಾಳದ ಹೂವಿನ ಹರಾಜು ಕೇಂದ್ರ, ಯಲಹಂಕದಿಂದ ಆರ್.ಟಿ. ನಗರದವರೆಗೆ ಓಡಾಡುವ ಆಟೋಗಳಿಗೆ ಬಾಡಿಗೆ ಹಿಡಿದುಕೊಡುವ ಆ್ಯಪ್‌ಗಳು, ಬಾಡಿಗೆ ಮನೆ ತೋರಿಸುವ ಬ್ರೋಕರ್‌ಗಳು, ಹೀಗೆ ಹೊರೆಯೂ ಸಂಭಾವನೆಯೂ ಬೇರೆ ಬೇರೆಯಾದ ನಾಲ್ಕು ಬಗೆಯ ಮಧ್ಯವರ್ತಿಗಳು ಇಲ್ಲಿ ಕೆಲವೇ ಕಿಲೋಮೀಟರ್‌ಗಳ ಅಂತರದಲ್ಲಿ ಸಿಗುತ್ತಾರೆ. ಹೊಸ ಸೇವೆಯನ್ನು ಕಟ್ಟಲು ಹೊರಟವರಿಗೆ ಇವು ನಾಲ್ಕು ಸಿದ್ಧ ಅಚ್ಚುಗಳು.

ಅಚ್ಚು ಎಂದರೆ ಏನು

ಒಂದು ಬಗೆಯ ಸನ್ನಿವೇಶದಲ್ಲಿ ಮತ್ತೆ ಮತ್ತೆ ತಲೆದೋರುವ ತೊಡಕಿಗೆ ಹಲವರು ಹಲವು ಕಡೆ ಕಂಡುಕೊಂಡ, ಬಳಕೆಯಲ್ಲಿ ಗಟ್ಟಿಯಾದ ಪರಿಹಾರವನ್ನು ಈ ಲೇಖನದಲ್ಲಿ ಅಚ್ಚು ಎಂದು ಕರೆಯಲಾಗಿದೆ. ಈ ವಿಚಾರ ಮೂಲತಃ ವಾಸ್ತುಶಿಲ್ಪದ್ದು. ಕ್ರಿಸ್ಟಫರ್ ಅಲೆಕ್ಸಾಂಡರ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ ‘ಎ ಪ್ಯಾಟರ್ನ್ ಲಾಂಗ್ವೇಜ್’ ಗ್ರಂಥವು ಊರು, ಬೀದಿ, ಮನೆಗಳ ವಿನ್ಯಾಸಕ್ಕೆ 253 ಅಚ್ಚುಗಳನ್ನು ಕ್ರಮವಾಗಿ ಜೋಡಿಸಿತು. 1994ರಲ್ಲಿ ಸಾಫ್ಟ್‌ವೇರ್ ರಚನೆಗೆ ಸಂಬಂಧಿಸಿದ ಇಂಥದೇ 23 ಅಚ್ಚುಗಳ ಪುಸ್ತಕ ಬಂದ ಮೇಲೆ ಬೆಂಗಳೂರಿನ ಎಂಜಿನಿಯರ್‌ಗಳಿಗೂ ಈ ವಿಚಾರ ಪರಿಚಿತವಾಯಿತು. ವ್ಯವಹಾರದ ಕ್ಷೇತ್ರಕ್ಕೆ ಅದು ಬಂದದ್ದೂ ಆ ಹೊತ್ತಿನಲ್ಲೇ. ಪಾಲ್ ಟಿಮ್ಮರ್ಸ್ 1998ರಲ್ಲಿ ಅಂತರ್ಜಾಲ ವ್ಯಾಪಾರದ 11 ಮಾದರಿಗಳನ್ನು ಗುರುತಿಸಿದರು. ಪೀಟರ್ ವೀಲ್ ಮತ್ತು ಮೈಕೆಲ್ ವಿಟಾಲೆ 2001ರಲ್ಲಿ ಎಂಟು ಮೂಲಮಾದರಿಗಳನ್ನು ಹೆಸರಿಸಿದರು, ಅವುಗಳಲ್ಲಿ ಮಧ್ಯವರ್ತಿಯೂ ಒಂದು. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ವಿಶ್ವವಿದ್ಯಾಲಯದ ಆಲಿವರ್ ಗಾಸ್‌ಮನ್ ಮತ್ತು ಸಹೋದ್ಯೋಗಿಗಳು ಮುಂದೆ 55 ಅಚ್ಚುಗಳ ಪಟ್ಟಿ ಮಾಡಿ, ಹೊಸತೆಂದು ಕಾಣುವ ಬಹುಪಾಲು ವ್ಯವಹಾರ ಮಾದರಿಗಳು ಹಳೆಯ ಅಚ್ಚುಗಳ ಮರುಜೋಡಣೆಯೆಂದು ವಾದಿಸಿದರು.

ಪಟ್ಟಿಗಳು ಎಷ್ಟೇ ಉದ್ದವಿದ್ದರೂ, ಒಂದು ಅಚ್ಚು ಉಪಯೋಗಕ್ಕೆ ಬರಬೇಕಾದರೆ ಅದರ ಬಗ್ಗೆ ನಾಲ್ಕು ಸಂಗತಿಗಳು ತಿಳಿದಿರಬೇಕು: ಅದು ಯಾವ ಸನ್ನಿವೇಶಕ್ಕೆ ಹೊಂದುತ್ತದೆ, ಯಾವ ತೊಡಕನ್ನು ಬಿಡಿಸುತ್ತದೆ, ಹೇಗೆ ಬಿಡಿಸುತ್ತದೆ, ಹಾಗೆ ಬಿಡಿಸುವಾಗ ಯಾವ ಹೊಸ ತೊಡಕನ್ನು ತಂದಿಡುತ್ತದೆ. ಕೊನೆಯದನ್ನು ಬರೆದಿಟ್ಟುಕೊಳ್ಳದೆ ಅಚ್ಚನ್ನು ಎರವಲು ತಂದವರು ಅದರ ಲಾಭವನ್ನು ಮಾತ್ರ ಲೆಕ್ಕ ಹಾಕಿ ನಷ್ಟವನ್ನು ಮಾರುಕಟ್ಟೆಯಲ್ಲಿ ಕಲಿಯಬೇಕಾಗುತ್ತದೆ.

ಯಶವಂತಪುರದ ಮಂಡಿ ಕಲಿಸುವುದು

ಶೇಕಡಾವಾರು ಕಮಿಷನ್ ಎಂಬ ಅಚ್ಚನ್ನು ಅರ್ಥ ಮಾಡಿಕೊಳ್ಳಲು ಆ್ಯಪ್‌ಗಳಿಗಿಂತ ಯಶವಂತಪುರದ ಮಂಡಿಯೇ ಒಳ್ಳೆಯ ಪಾಠ. ಅಲ್ಲಿನ ದಲ್ಲಾಳಿಯನ್ನು ಕೇವಲ ಪರಿಚಯ ಮಾಡಿಸುವವನೆಂದು ತಿಳಿದರೆ ಅವನ ಸಂಭಾವನೆ ಅನ್ಯಾಯವಾಗಿ ಕಾಣುತ್ತದೆ. ಆದರೆ ಅವನು ಮಾಲನ್ನು ಇಳಿಸಿಕೊಳ್ಳಲು ಜಾಗ ಕೊಡುತ್ತಾನೆ, ತೂಕ ಮಾಡಿಸುತ್ತಾನೆ, ಹಮಾಲರನ್ನು ಹೊಂದಿಸುತ್ತಾನೆ, ಮಾಲು ನೋಡಿ ದರ ಕೂಗುವ ಖರೀದಿದಾರರನ್ನು ಕಲೆಹಾಕುತ್ತಾನೆ. ಇದೆಲ್ಲಕ್ಕಿಂತ ಮುಖ್ಯವಾಗಿ, ಖರೀದಿದಾರ ಕೆಲವು ದಿನಗಳ ನಂತರ ಹಣ ಕೊಡುವುದಾದರೂ ಮಾಲು ತಂದವನಿಗೆ ತಾನು ಮುಂಚಿತವಾಗಿ ಪಾವತಿ ಮಾಡಿ, ಬಾಕಿ ವಸೂಲಿಯ ಅಪಾಯವನ್ನು ತನ್ನ ತಲೆಯ ಮೇಲೆ ಹೊರುತ್ತಾನೆ. ವಸೂಲಾಗದೆ ಉಳಿಯಬಹುದಾದ ಸಾಲದ ಮೊತ್ತವು ವ್ಯವಹಾರದ ಮೊತ್ತದೊಂದಿಗೇ ಏರುವುದರಿಂದ, ಸಂಭಾವನೆಯೂ ಮೊತ್ತದ ಶೇಕಡಾವಾರು ಆಗಿರುವುದು ಇಲ್ಲಿ ತರ್ಕಬದ್ಧ. ಕರ್ನಾಟಕದ ಕೃಷಿ ಮಾರುಕಟ್ಟೆ ವ್ಯವಸ್ಥೆಗೆ ಆಧಾರವಾದ 1966ರ ಕಾಯಿದೆಯ ಚೌಕಟ್ಟಿನಲ್ಲಿ ಈ ಕಮಿಷನ್ ರೈತನ ಹಣದಿಂದ ಮುರಿದುಕೊಳ್ಳುವಂಥದ್ದಲ್ಲ, ಖರೀದಿದಾರನಿಂದ ಪಡೆಯುವಂಥದ್ದು. ಸಾಲದ ಅನುಕೂಲ ಪಡೆಯುವವನೇ ಅದರ ಬೆಲೆ ತೆರಬೇಕೆಂಬ ಈ ನಿಯಮ ಯಾವ ಆನ್‌ಲೈನ್ ಸೇವೆಗೂ ಅನ್ವಯಿಸುವಂಥದ್ದು. ನಿಯಮ ಮೀರಿ ರೈತನಿಂದಲೇ ಕಮಿಷನ್ ಹಿಡಿದಾಗ ಮಂಡಿಯ ಮೇಲೆ ಏಳುವ ಆಕ್ರೋಶವೂ ಈ ಕಾರಣಕ್ಕೇ ನ್ಯಾಯವಾದದ್ದು.

ಮಂಡಿಯ ಹಲವು ಹೊರೆಗಳಲ್ಲಿ ದರ ಗೊತ್ತುಮಾಡುವುದನ್ನು ಮಾತ್ರ ಬೇರ್ಪಡಿಸಿ ಅಂತರ್ಜಾಲಕ್ಕೆ ಒಯ್ಯುವ ಪ್ರಯತ್ನವನ್ನು ಕರ್ನಾಟಕ ದೇಶಕ್ಕಿಂತ ಮೊದಲು ಮಾಡಿತು. ರಾಜ್ಯ ಸರ್ಕಾರವು ಸರಕು ವಿನಿಮಯ ಕೇಂದ್ರವಾದ ಎನ್‌ಸಿಡಿಇಎಕ್ಸ್ ಸಮೂಹದ ಸಂಸ್ಥೆಯೊಡನೆ ಸೇರಿ ಸ್ಥಾಪಿಸಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಎಂಬ ಜಂಟಿ ಕಂಪನಿ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ನಡೆಸುತ್ತ ಬಂದಿತು. ಕೇಂದ್ರ ಸರ್ಕಾರದ ಇಂಥದೇ ವೇದಿಕೆ ಇ-ನಾಮ್ ಆರಂಭವಾದದ್ದು 2016ರ ಏಪ್ರಿಲ್ 14ರಂದು. ಕರ್ನಾಟಕದ ವ್ಯವಸ್ಥೆಯಲ್ಲಿ ಮಾರುಕಟ್ಟೆಯ ಗೇಟಿನಲ್ಲೇ ಪ್ರತಿ ರಾಶಿಗೂ ಒಂದು ಲಾಟ್ ಸಂಖ್ಯೆ ಬೀಳುತ್ತದೆ, ವರ್ತಕರು ಒಬ್ಬರ ದರ ಇನ್ನೊಬ್ಬರಿಗೆ ಕಾಣದಂತೆ ಇ-ಟೆಂಡರ್ ಹಾಕುತ್ತಾರೆ, ಗೊತ್ತಾದ ಹೊತ್ತಿಗೆ ಅತಿ ಹೆಚ್ಚಿನ ದರ ಪ್ರಕಟವಾಗುತ್ತದೆ, ರೈತ ಒಪ್ಪಿದರೆ ತೂಕ ಮತ್ತು ಬಿಲ್ಲು. ಈ ಸುಧಾರಣೆ ದಲ್ಲಾಳಿಯನ್ನು ತೆಗೆದುಹಾಕಲಿಲ್ಲ ಎಂಬುದನ್ನು ಕೆಲವರು ಅದರ ಸೋಲೆಂದು ಬಗೆಯುತ್ತಾರೆ. ವಿನ್ಯಾಸದ ದೃಷ್ಟಿಯಿಂದ ನೋಡಿದರೆ ಅದು ನಿರೀಕ್ಷಿತವೇ ಆಗಿತ್ತು: ದರ ಗೊತ್ತುಮಾಡುವ ಹೊರೆಯನ್ನು ಕಂಪ್ಯೂಟರ್ ಹೊತ್ತುಕೊಂಡಿತು, ಜಾಗ ಮತ್ತು ಸಾಲದ ಹೊರೆ ಅಂಗಡಿಯಲ್ಲೇ ಉಳಿಯಿತು. ಯಾವ ಹೊರೆಯನ್ನು ಹೊಸ ಸೇವೆ ಹೊರುವುದಿಲ್ಲವೋ ಅದನ್ನು ಈವರೆಗೆ ಹೊತ್ತವರು ವ್ಯವಸ್ಥೆಯೊಳಗೆ ಉಳಿಯುತ್ತಾರೆ, ಮತ್ತು ತಮ್ಮ ಪಾಲನ್ನೂ ಕೇಳುತ್ತಾರೆ. ಮಧ್ಯವರ್ತಿಗಳನ್ನು ಪೂರ್ತಿ ನಿವಾರಿಸುವುದಾಗಿ ಘೋಷಿಸುವ ಉದ್ಯಮಗಳು ಮೊದಲು ಬರೆಯಬೇಕಾದದ್ದು ತಾವು ಹೊರದೆ ಬಿಡುವ ಹೊರೆಗಳ ಪಟ್ಟಿ.

ಹೆಬ್ಬಾಳದ ಗಡಿಯಾರ

ಹೆಬ್ಬಾಳದ ಅಂತರರಾಷ್ಟ್ರೀಯ ಹೂವಿನ ಹರಾಜು ಕೇಂದ್ರದಲ್ಲಿ ಗುಲಾಬಿ, ಜರ್ಬೆರಾ ಮೊದಲಾದ ಕೊಯ್ದ ಹೂಗಳು ಡಚ್ ಹರಾಜು ಪದ್ಧತಿಯಲ್ಲಿ ಮಾರಾಟವಾಗುತ್ತವೆ. ನೆದರ್ಲೆಂಡಿನ ಆಲ್ಸ್‌ಮೇರ್‌ನಲ್ಲಿ ಪ್ರಸಿದ್ಧವಾದ ಈ ಪದ್ಧತಿಯಲ್ಲಿ ದರವು ಕೆಳಗಿನಿಂದ ಏರುವುದಿಲ್ಲ. ಗಡಿಯಾರದಂಥ ಫಲಕದಲ್ಲಿ ಮೇಲಿನ ದರದಿಂದ ಆರಂಭವಾಗಿ ಇಳಿಯುತ್ತ ಬರುತ್ತದೆ, ಯಾರು ಮೊದಲು ಗುಂಡಿ ಒತ್ತಿ ನಿಲ್ಲಿಸುತ್ತಾರೋ ಆ ದರಕ್ಕೆ ಮಾಲು ಅವರದಾಗುತ್ತದೆ. ಒಂದೇ ಒಂದು ಕೂಗಿಗೆ ಒಂದು ಲಾಟು ಮುಗಿಯುವುದರಿಂದ ಬೆಳಗಿನ ಕೆಲವೇ ಗಂಟೆಗಳಲ್ಲಿ ನೂರಾರು ಲಾಟುಗಳು ಕೈಬದಲಾಯಿಸಬಲ್ಲವು. ಹೊತ್ತು ಕಳೆದಂತೆ ಬಾಡುವ ಸರಕಿಗೆ ಇದು ಹೇಳಿ ಮಾಡಿಸಿದ ಅಚ್ಚು. ತಿಂಗಳುಗಟ್ಟಲೆ ಇಡಬಹುದಾದ ರಾಗಿ ಅಥವಾ ಕೊಬ್ಬರಿಗೆ ಮುಚ್ಚಿದ ಟೆಂಡರ್ ಸಾಕು. ಸಂಜೆಯೊಳಗೆ ಮಾರಾಟವಾಗಬೇಕಾದ ಬೇಕರಿ ತಿನಿಸು, ಖಾಲಿ ಉಳಿದರೆ ಬೆಲೆಯೇ ಇಲ್ಲದ ಬಸ್ಸಿನ ಆಸನ, ಮುಹೂರ್ತವಿಲ್ಲದ ದಿನದ ಕಲ್ಯಾಣ ಮಂಟಪ, ಇವುಗಳಿಗೆ ಸೇವೆ ಕಟ್ಟುವವರು ಸಮಯದೊಂದಿಗೆ ಇಳಿಯುವ ದರದ ಈ ತತ್ತ್ವವನ್ನು ಧೈರ್ಯವಾಗಿ ಬಳಸಬಹುದು. ಆದರೆ ಒಂದು ಷರತ್ತು ಉಂಟು: ಮಾಲಿನ ದರ್ಜೆ ಮೊದಲೇ ಖಚಿತವಾಗಿರಬೇಕು. ಕಾಂಡದ ಉದ್ದ, ಮೊಗ್ಗಿನ ಸ್ಥಿತಿ ಮುಂತಾದುವನ್ನು ನೋಡಿ ದರ್ಜೆ ಕೊಡುವ ವ್ಯವಸ್ಥೆ ಇಲ್ಲದಿದ್ದರೆ ಕ್ಷಣಾರ್ಧದಲ್ಲಿ ಗುಂಡಿ ಒತ್ತಲು ಯಾವ ಖರೀದಿದಾರನಿಗೂ ಕೈ ಬರುವುದಿಲ್ಲ.

ಆಟೋ ಮತ್ತು ದಿನಶುಲ್ಕ

ಕಳೆದ ಕೆಲವು ವರ್ಷಗಳಲ್ಲಿ ಬೆಂಗಳೂರು ದೇಶಕ್ಕೆ ಕೊಟ್ಟ ಮುಖ್ಯ ಅಚ್ಚು ಆಟೋ ಸೇವೆಯ ದಿನಶುಲ್ಕ. 2022ರ ಅಕ್ಟೋಬರ್‌ನಲ್ಲಿ ಆ್ಯಪ್ ಆಧಾರಿತ ಆಟೋಗಳ ದರದ ಬಗ್ಗೆ ಸಾರಿಗೆ ಇಲಾಖೆಗೂ ಕಂಪನಿಗಳಿಗೂ ತಿಕ್ಕಾಟ ನಡೆದು, ಮರುತಿಂಗಳು ಸರ್ಕಾರವು ಮೀಟರ್ ದರದ ಮೇಲೆ ಶೇ. 5ರಷ್ಟು ಸೇವಾಶುಲ್ಕ ಮತ್ತು ಜಿಎಸ್‌ಟಿಯನ್ನು ಮಾತ್ರ ಪಡೆಯಬಹುದೆಂದು ಆದೇಶಿಸಿತು. 2024ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಮಿತಿಯನ್ನು ಎತ್ತಿಹಿಡಿಯಿತು. ತಿಕ್ಕಾಟದ ನಡುವೆಯೇ, 2022ರ ನವೆಂಬರ್‌ನಲ್ಲಿ, ಜಸ್‌ಪೇ ಕಂಪನಿ ಮತ್ತು ಆಟೋರಿಕ್ಷಾ ಚಾಲಕರ ಸಂಘವಾದ ಎಆರ್‌ಡಿಯು ಸೇರಿ ‘ನಮ್ಮ ಯಾತ್ರಿ’ ಎಂಬ ಆ್ಯಪ್ ಆರಂಭಿಸಿದವು. ಪ್ರಯಾಣಿಕ ಬಾಡಿಗೆಯನ್ನು ನೇರವಾಗಿ ಚಾಲಕನ ಕೈಗೇ ಕೊಡುವ ಈ ವ್ಯವಸ್ಥೆಯಲ್ಲಿ ಕಮಿಷನ್ ಇರಲಿಲ್ಲ. ಮೊದಲು ಉಚಿತವಾಗಿದ್ದು, 2023ರಲ್ಲಿ ದಿನಕ್ಕೆ 25 ರೂಪಾಯಿ ಅಥವಾ ಒಂದು ಬಾಡಿಗೆಗೆ 3.50 ರೂಪಾಯಿಯ ಆಯ್ಕೆಯನ್ನು ಚಾಲಕರ ಮುಂದಿಟ್ಟಿತು. 2024ರಲ್ಲಿ ಈ ಸೇವೆ ಮೂವಿಂಗ್ ಟೆಕ್ ಎಂಬ ಪ್ರತ್ಯೇಕ ಕಂಪನಿಯಾಯಿತು. ಅಚ್ಚಿನ ಬಲ ತಿಳಿಯುವುದು ಎದುರಾಳಿಗಳೂ ಅದನ್ನು ಎತ್ತಿಕೊಂಡಾಗ: ರ್‍ಯಾಪಿಡೊ, ಓಲಾ ಮತ್ತು 2025ರ ಫೆಬ್ರವರಿಯಲ್ಲಿ ಊಬರ್ ಸಹ ಆಟೋ ವಿಭಾಗದಲ್ಲಿ ಕಮಿಷನ್ ಕೈಬಿಟ್ಟು ಚಾಲಕರಿಂದ ನಿಗದಿತ ಶುಲ್ಕ ಪಡೆಯುವ ಕಡೆಗೆ ಹೊರಳಿದವು.

ಈ ಅಚ್ಚಿನ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಬೇಕು. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಆಟೋ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ಎಂಟು ಕಿಲೋಮೀಟರ್ ಓಡಿದರೆ 144 ರೂಪಾಯಿ, ಅದರ ಶೇ. 5 ಎಂದರೆ 7.20 ರೂಪಾಯಿ. ದಿನಕ್ಕೆ ಇಂಥ 12 ಬಾಡಿಗೆ ಸಿಕ್ಕರೆ ಶೇಕಡಾವಾರು ಪದ್ಧತಿಯಲ್ಲಿ ಮಧ್ಯವರ್ತಿಗೆ ಸಲ್ಲುವುದು 86.40 ರೂಪಾಯಿ, ದಿನಶುಲ್ಕದಲ್ಲಿ 25 ರೂಪಾಯಿ. ಎರಡೂ ಸಮವಾಗುವುದು ದಿನದ ದುಡಿಮೆ 500 ರೂಪಾಯಿ ಇದ್ದಾಗ; ಅದಕ್ಕಿಂತ ಕಡಿಮೆ ದುಡಿಯುವವನಿಗೆ ದಿನಶುಲ್ಕವೇ ದುಬಾರಿ. ಬಾಡಿಗೆಗೆ 3.50 ರೂಪಾಯಿಯ ಎರಡನೆಯ ಆಯ್ಕೆ ಏಕೆ ಬೇಕಾಯಿತೆಂಬುದು ಇಲ್ಲಿ ತಿಳಿಯುತ್ತದೆ: ಏಳು ಬಾಡಿಗೆಯವರೆಗೆ ಅದು 24.50 ರೂಪಾಯಿಯಲ್ಲಿ ನಿಲ್ಲುತ್ತದೆ, ಎಂಟನೆಯದರಿಂದ ದಿನಶುಲ್ಕ ಅಗ್ಗ. ಅರ್ಧ ದಿನ ಓಡಿಸುವವನೂ ಪೂರ್ತಿ ದಿನ ಓಡಿಸುವವನೂ ತಮಗೆ ಹೊಂದುವುದನ್ನು ಆರಿಸಿಕೊಳ್ಳುವಂತೆ ಎರಡು ಆಯ್ಕೆಗಳ ನಡುವಿನ ಗೆರೆಯನ್ನು ಎಳೆಯುವುದು ಶುಲ್ಕ ವಿನ್ಯಾಸದ ಸೂಕ್ಷ್ಮ ಕೆಲಸ.

ಇಲ್ಲಿ ಮಧ್ಯವರ್ತಿಯ ಹೊರೆ ಹುಡುಕಾಟ ಮಾತ್ರ. ಅವನು ಹಣ ಮುಟ್ಟುವುದಿಲ್ಲ, ಸಾಲ ಕೊಡುವುದಿಲ್ಲ, ಪ್ರಯಾಣ ನಡೆದೇ ನಡೆಯುತ್ತದೆಂಬ ಭರವಸೆಯನ್ನೂ ಕೊಡುವುದಿಲ್ಲ. ಹೆಬ್ಬಾಳದಿಂದ ಎರಡು ಕಿಲೋಮೀಟರ್ ಹೋಗುವವರನ್ನು ಹುಡುಕಿಕೊಡಲೂ ಇಪ್ಪತ್ತು ಕಿಲೋಮೀಟರ್ ಹೋಗುವವರನ್ನು ಹುಡುಕಿಕೊಡಲೂ ತಗಲುವ ವೆಚ್ಚ ಒಂದೇ ಆದ್ದರಿಂದ, ಶುಲ್ಕ ದೂರದೊಂದಿಗೆ ಏರಬೇಕಾದ ಕಾರಣವಿಲ್ಲ. ಮಂಡಿಗೆ ಶೇಕಡಾವಾರು ಹೇಗೆ ನ್ಯಾಯವೋ ಆಟೋಗೆ ನಿಗದಿತ ಶುಲ್ಕ ಹಾಗೆ ನ್ಯಾಯ. ಆದರೂ ಅಚ್ಚಿನ ಬೆಲೆಯನ್ನು ಮರೆಯಬಾರದು. ಮಧ್ಯವರ್ತಿಗೆ ಪ್ರತಿ ಬಾಡಿಗೆಯಿಂದ ಬರುವುದು ಅತ್ಯಲ್ಪವಾದಾಗ ರದ್ದಾದ ಬಾಡಿಗೆಗೆ ಪರಿಹಾರ ಕೊಡಲು, ದೂರು ಕೇಳಲು ಜನರನ್ನು ನೇಮಿಸಲು, ಚಾಲಕ ಒಪ್ಪದ ಬಾಡಿಗೆಯನ್ನು ಹೆಚ್ಚುವರಿ ಹಣ ಕೊಟ್ಟು ಒಪ್ಪಿಸಲು ಅವನಲ್ಲಿ ಹಣವಿರುವುದಿಲ್ಲ. ಆ ಹೆಚ್ಚುವರಿ ಮೊತ್ತ ಪ್ರಯಾಣಿಕನ ಪಾಲಿಗೆ ಬೀಳುತ್ತದೆ. ಖಚಿತತೆಯೇ ಮುಖ್ಯವಾದ ಸೇವೆಗೆ, ಉದಾಹರಣೆಗೆ ವಿಮಾನ ನಿಲ್ದಾಣಕ್ಕೆ ನಸುಕಿನಲ್ಲಿ ಹೊರಡುವವರಿಗೆ ಕಾರು ಒದಗಿಸುವ ಸೇವೆಗೆ, ಬರೀ ದಿನಶುಲ್ಕ ಸಾಲದು.

ಈ ಪ್ರಸಂಗದಲ್ಲಿ ಇನ್ನೂ ಒಂದು ಪಾಠವಿದೆ. ಪ್ರತಿ ಮಧ್ಯವರ್ತಿಗೂ ಆರಂಭದಲ್ಲಿ ಎದುರಾಗುವ ತೊಡಕೆಂದರೆ, ಚಾಲಕರಿಲ್ಲದೆ ಪ್ರಯಾಣಿಕರು ಬರುವುದಿಲ್ಲ, ಪ್ರಯಾಣಿಕರಿಲ್ಲದೆ ಚಾಲಕರು ಬರುವುದಿಲ್ಲ. ಇಂಥ ತೊಡಕಿರುವ ಮಾರುಕಟ್ಟೆಯನ್ನು ಅರ್ಥಶಾಸ್ತ್ರದಲ್ಲಿ ಇಬ್ಬದಿಯ ಮಾರುಕಟ್ಟೆ ಎನ್ನುತ್ತಾರೆ. ಜಾನ್-ಶಾರ್ಲ್ ರೋಶೆ ಮತ್ತು 2014ರಲ್ಲಿ ನೊಬೆಲ್ ಪಡೆದ ಜಾನ್ ತಿರೋಲ್ 2003ರ ಪ್ರಬಂಧದಲ್ಲಿ ತೋರಿಸಿದಂತೆ, ಇಂಥ ಮಾರುಕಟ್ಟೆಯಲ್ಲಿ ಒಟ್ಟು ಶುಲ್ಕ ಎಷ್ಟೆಂಬುದರಷ್ಟೇ ಅದನ್ನು ಎರಡು ಬದಿಗಳ ನಡುವೆ ಹೇಗೆ ಹಂಚಲಾಗಿದೆ ಎಂಬುದೂ ವ್ಯವಹಾರದ ಗಾತ್ರವನ್ನು ನಿರ್ಧರಿಸುತ್ತದೆ. ‘ನಮ್ಮ ಯಾತ್ರಿ’ಯ ಉತ್ತರ ಸರಳವಾಗಿತ್ತು: ಈಗಾಗಲೇ ಸಂಘಟಿತವಾಗಿರುವ ಬದಿಯಿಂದ ಆರಂಭಿಸುವುದು. ಯೂನಿಯನ್, ಸಹಕಾರ ಸಂಘ, ವರ್ತಕರ ಸಂಘ, ಬಡಾವಣೆಯ ನಿವಾಸಿಗಳ ಸಂಘ ಇವುಗಳಲ್ಲಿ ಯಾವುದು ಕೈಗೆಟುಕುವುದೋ ಆ ಬದಿಗೆ ಮೊದಲು ಹೋಗಬೇಕು.

ಮನೆ ಬಾಡಿಗೆ: ಒಮ್ಮೆ ಮಾತ್ರ ಆಗುವ ಭೇಟಿ

ಆರ್.ಟಿ. ನಗರದಲ್ಲಿ ಮನೆ ಹುಡುಕುವವರು ಬ್ರೋಕರ್‌ಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯಷ್ಟು ಕೊಡುವ ರೂಢಿ ಇದೆ. ಮಾಲೀಕ ಮತ್ತು ಬಾಡಿಗೆದಾರ ಒಮ್ಮೆ ಭೇಟಿಯಾಗಿ ಅಡ್ವಾನ್ಸ್ ಕೈಬದಲಾಯಿಸಿ ಹನ್ನೊಂದು ತಿಂಗಳ ಕರಾರು ಬರೆದ ಮೇಲೆ ಮಧ್ಯವರ್ತಿಯ ಅಗತ್ಯ ಮುಗಿಯುತ್ತದೆ. ಮುಂದಿನ ನವೀಕರಣ ಅವನಿಲ್ಲದೆ ನಡೆಯುತ್ತದೆ. ಹೀಗಾಗಿ ಇಡೀ ಸಂಭಾವನೆ ಆ ಒಂದು ಕ್ಷಣದಲ್ಲೇ ಬರಬೇಕು. 2014ರಲ್ಲಿ ಆರಂಭವಾದ ಬೆಂಗಳೂರಿನ ನೋಬ್ರೋಕರ್ ಇದನ್ನು ಬೇರೆ ಬಗೆಯಲ್ಲಿ ಜೋಡಿಸಿತು: ಮನೆಯ ವಿವರ ನೋಡುವುದು ಉಚಿತ, ಮಾಲೀಕರ ಸಂಪರ್ಕ ಹೆಚ್ಚು ಬೇಕಾದರೆ ಚಂದಾ; ಕರಾರುಪತ್ರ, ಸಾಮಾನು ಸಾಗಣೆ, ಬಣ್ಣ ಹೊಡೆಸುವುದು ಮುಂತಾದ ಪಕ್ಕದ ಸೇವೆಗಳಿಂದ ಮತ್ತಷ್ಟು ಆದಾಯ. ಮುಖ್ಯ ಭೇಟಿಯನ್ನು ಅಗ್ಗವಾಗಿಟ್ಟು ಅದರ ಸುತ್ತಲಿನ ಕೆಲಸಗಳಿಂದ ದುಡಿಯುವ ಈ ಅಚ್ಚು, ಅಪರೂಪಕ್ಕೊಮ್ಮೆ ನಡೆಯುವ ಎಲ್ಲ ವ್ಯವಹಾರಗಳಿಗೂ ಹೊಂದುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ಮನೆಗೆಲಸ, ಪ್ಲಂಬಿಂಗ್, ಮನೆಪಾಠದಂಥ ಮರುಕಳಿಸುವ ಸೇವೆಗಳು. ಒಮ್ಮೆ ಬಂದ ಎಲೆಕ್ಟ್ರಿಷಿಯನ್ ಕೆಲಸ ಚೆನ್ನಾಗಿ ಮಾಡಿದರೆ ಎರಡನೆಯ ಸಲ ಮನೆಯವರು ನೇರವಾಗಿ ಅವನಿಗೇ ಫೋನ್ ಮಾಡುತ್ತಾರೆ. ಇದನ್ನು ಸೋರಿಕೆ ಎನ್ನಬಹುದು. ಅದನ್ನು ದಂಡ ಹಾಕಿ, ಫೋನ್ ನಂಬರ್ ಮರೆಮಾಡಿ ತಡೆಯಲು ಯತ್ನಿಸುವುದು ವ್ಯರ್ಥ. ಎರಡನೆಯ ಸಲವೂ ಮಧ್ಯವರ್ತಿಯ ಮೂಲಕವೇ ಬರಲು ಎರಡೂ ಬದಿಗೆ ಕಾರಣವಿರಬೇಕು. ಕೆಲಸಕ್ಕೆ ಖಾತರಿ, ಬಿಡಿಭಾಗಗಳ ಬಿಲ್ಲು, ಕೆಲಸಗಾರ ಊರಿಗೆ ಹೋದಾಗ ಬದಲಿ ವ್ಯವಸ್ಥೆ, ಅವನಿಗೆ ಅಪಘಾತ ವಿಮೆ ಇವು ಕಾರಣಗಳಾಗಬಲ್ಲವು. ಇವುಗಳಲ್ಲಿ ಒಂದನ್ನೂ ಕೊಡಲಾಗದಿದ್ದರೆ ಶೇಕಡಾವಾರನ್ನು ಬಿಟ್ಟು ಪರಿಚಯಕ್ಕೆ ಮಾತ್ರ ಒಂದು ಸಲದ ಶುಲ್ಕ ಪಡೆಯುವುದು ಪ್ರಾಮಾಣಿಕ ಮಾರ್ಗ.

ಬಾಣಗಳ ಚಿತ್ರ ಮತ್ತು ಒಂದು ಉದಾಹರಣೆ

ಅಚ್ಚನ್ನು ಆರಿಸಿದ ಮೇಲೆ ಅದನ್ನು ಚಿತ್ರವಾಗಿ ಬರೆಯಬೇಕು. ಆಮ್‌ಸ್ಟರ್‌ಡ್ಯಾಮ್‌ನ ಯಾಪ್ ಗೋರ್ಡೇನ್ ಮತ್ತು ಹಾನ್ಸ್ ಆಕರ್ಮನ್ಸ್ ರೂಪಿಸಿದ ಇ3-ವ್ಯಾಲ್ಯೂ ಎಂಬ ವಿಧಾನ ಇದಕ್ಕೆ ಅನುಕೂಲ. ವ್ಯವಹಾರದಲ್ಲಿ ಭಾಗಿಯಾಗುವ ಪ್ರತಿಯೊಬ್ಬರಿಗೂ ಒಂದು ಚೌಕ, ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಬೆಲೆಯುಳ್ಳ ಪ್ರತಿ ವಸ್ತುವಿಗೂ ಒಂದು ಬಾಣ. ಹಣ, ಸರಕು, ಸೇವೆ, ಮಾಹಿತಿ ಎಲ್ಲವೂ ಬಾಣಗಳೇ. ಹೊರಹೋಗುವ ಬಾಣಕ್ಕೆ ಪ್ರತಿಯಾಗಿ ಒಳಬರುವ ಬಾಣ ಇರಲೇಬೇಕೆಂಬುದು ಇದರ ನಿಯಮ. ಯಾವ ಚೌಕದಿಂದ ಬರೀ ಬಾಣಗಳು ಹೊರಡುತ್ತವೋ ಆ ಭಾಗಿದಾರ ಬೇಗ ಬಿಟ್ಟುಹೋಗುತ್ತಾನೆ. ಕೊನೆಗೆ ಪ್ರತಿ ಬಾಣಕ್ಕೂ ಅಂದಾಜು ಮೊತ್ತ ಬರೆದು, ಮಧ್ಯವರ್ತಿಗೆ ಮಾತ್ರವಲ್ಲ, ಪ್ರತಿಯೊಬ್ಬ ಭಾಗಿದಾರನಿಗೂ ಬೇರೆ ಬೇರೆಯಾಗಿ ಲಾಭ ಉಳಿಯುತ್ತದೆಯೇ ಎಂದು ಕೂಡಿ ಕಳೆಯಬೇಕು.

ಯಲಹಂಕ ಉಪನಗರ, ಸಹಕಾರ ನಗರ, ಆರ್.ಟಿ. ನಗರಗಳ ಕಿರಾಣಿ ಅಂಗಡಿಯವರು ಯಶವಂತಪುರದ ಯಾರ್ಡಿನಿಂದ ಅಕ್ಕಿ, ಬೇಳೆ ತರಿಸಿಕೊಳ್ಳಲು ಗೂಡ್ಸ್ ವಾಹನಗಳನ್ನು ಹಂಚಿಕೊಳ್ಳುವಂತೆ ಮಾಡುವ ಒಂದು ಸೇವೆಯನ್ನು ಕಲ್ಪಿಸಿಕೊಳ್ಳಬಹುದು. ಮುಂದಿನ ಮೊತ್ತಗಳು ಲೆಕ್ಕದ ಬಗೆ ತೋರಿಸಲು ಇಟ್ಟುಕೊಂಡ ಕಲ್ಪಿತ ಸಂಖ್ಯೆಗಳು. ಯಲಹಂಕದ ಮೂವರು ಅಂಗಡಿಯವರು ಬೇರೆ ಬೇರೆ ವಾಹನ ಮಾಡಿಕೊಂಡರೆ ತಲಾ 1,200 ರೂಪಾಯಿ. ಮೂವರ ಮಾಲನ್ನೂ ಒಂದೇ ವಾಹನದಲ್ಲಿ ಕೂಡಿಸಿದರೆ ತಲಾ 550ರಂತೆ 1,650 ರೂಪಾಯಿ. ಚಾಲಕನಿಗೆ ಹೆಚ್ಚಿನ ಎರಡು ನಿಲುಗಡೆಗಾಗಿ 200 ಸೇರಿಸಿ 1,400 ಕೊಟ್ಟರೆ ಮಧ್ಯವರ್ತಿಗೆ 250 ಉಳಿಯುತ್ತದೆ. ಅಂಗಡಿಯವರಿಗೆ ತಲಾ 650 ಉಳಿತಾಯ, ಚಾಲಕನಿಗೆ 200 ಹೆಚ್ಚು, ಮಧ್ಯವರ್ತಿಗೆ 250. ಮೇಲ್ನೋಟಕ್ಕೆ ಎಲ್ಲರಿಗೂ ಲಾಭ.

ಆದರೆ ಚಾಲಕ ಎಂಬ ಚೌಕದೊಳಗೆ ಒಬ್ಬನಲ್ಲ, ಮೂವರು ಇದ್ದರು. ಹಿಂದೆ ಮೂವರಿಗೆ ಒಟ್ಟು 3,600 ರೂಪಾಯಿ ಸಿಗುತ್ತಿತ್ತು, ಈಗ ಒಬ್ಬನಿಗೆ 1,400, ಇಬ್ಬರಿಗೆ ಬಾಡಿಗೆಯೇ ಇಲ್ಲ. ಅಂಗಡಿಯವರ ಉಳಿತಾಯವೆಲ್ಲ ಬಂದದ್ದು ಚಾಲಕರಿಗೆ ಸಿಗುತ್ತಿದ್ದ ಬಾಡಿಗೆಯಿಂದ. ಈ ಲೆಕ್ಕವನ್ನು ಮುಚ್ಚಿಟ್ಟು ಸೇವೆ ಆರಂಭಿಸಿದರೆ ಯಾರ್ಡಿನ ಗೇಟಿನಲ್ಲಿ ನಿಂತ ಚಾಲಕರು ಅದನ್ನು ಒಂದು ವಾರದಲ್ಲಿ ಕಂಡುಹಿಡಿಯುತ್ತಾರೆ, ವಿರೋಧಿಸುತ್ತಾರೆ, ಅದು ಸಹಜವೂ ಹೌದು. ಮಾದರಿ ನಿಲ್ಲುವುದು ಎರಡು ಷರತ್ತುಗಳ ಮೇಲೆ: ಈವರೆಗೆ ಸ್ಕೂಟರಿನ ಮೇಲೆ ಚೀಲ ಹೇರಿಕೊಂಡು ಹೋಗುತ್ತಿದ್ದ, ಅಥವಾ ದುಬಾರಿಯಾದರೂ ಹತ್ತಿರದ ಹೋಲ್‌ಸೇಲ್ ಅಂಗಡಿಯಿಂದ ಕೊಳ್ಳುತ್ತಿದ್ದ ಸಣ್ಣ ಅಂಗಡಿಯವರು ಹೊಸದಾಗಿ ಯಾರ್ಡಿಗೆ ಬರಬೇಕು, ಮತ್ತು ಖಾಲಿ ಹಿಂದಿರುಗುವ ವಾಹನಕ್ಕೆ ಮರುಬಾಡಿಗೆ ಸಿಗಬೇಕು. ಹೊಸ ಗಿರಾಕಿ ಹುಟ್ಟುವ ಕಡೆ ಮಾತ್ರ ಕೂಡುಬಾಡಿಗೆಯ ಅಚ್ಚನ್ನು ಬಳಸಬೇಕೆಂಬ ಎಚ್ಚರ ಈ ಚಿತ್ರದಿಂದಲೇ ಹೊರಡುತ್ತದೆ.

ಸೋರಿಕೆಯ ಪರೀಕ್ಷೆಯನ್ನೂ ಇಲ್ಲೇ ಮಾಡಬೇಕು. ಪ್ರತಿ ಸೋಮವಾರ ಅದೇ ಮೂವರು ಅಂಗಡಿಯವರು, ಅದೇ ಚಾಲಕ ಎಂದಾದರೆ ಮೂರನೆಯ ವಾರ ಅವರು ತಾವೇ ಫೋನಿನಲ್ಲಿ ಮಾತಾಡಿಕೊಳ್ಳುತ್ತಾರೆ. ಜೊತೆಗಾರರು ದಿನದಿನಕ್ಕೆ ಬದಲಾಗುವ ಮಾಲಿಗೆ ಮಾತ್ರ ಪ್ರತಿ ಲೋಡಿಗೂ ಪಾಲು ಪಡೆಯುವ ಪದ್ಧತಿ ಸಲ್ಲುತ್ತದೆ. ನಿತ್ಯದ ಗಿರಾಕಿಗಳಿಗೆ ಸಣ್ಣ ತಿಂಗಳ ಚಂದಾ ಇಟ್ಟು, ಬದಲಿ ವಾಹನ ಮತ್ತು ಮಾಲು ಹಾಳಾದರೆ ಪರಿಹಾರದ ಭರವಸೆ ಕೊಡುವುದು ಮೇಲು. ಇನ್ನು ಮಧ್ಯವರ್ತಿಯ ಸ್ವಂತ ಲೆಕ್ಕ: 250ರಲ್ಲಿ ಪಾವತಿ ವೆಚ್ಚ, ಹಾನಿಯ ನಿಧಿಗೆ 50 ತೆಗೆದಿಟ್ಟರೆ 200 ಉಳಿಯುತ್ತದೆ, ಯಾರ್ಡಿನಲ್ಲಿ ನಿಲ್ಲುವ ಮತ್ತು ಫೋನ್ ನೋಡುವ ಇಬ್ಬರಿಗೆ ತಿಂಗಳಿಗೆ 60,000 ಖರ್ಚಾದರೆ, 25 ಕೆಲಸದ ದಿನಗಳಲ್ಲಿ ದಿನಕ್ಕೆ 12 ಕೂಡುಲೋಡುಗಳು ಸಿಕ್ಕಾಗ ಅಸಲು ಹುಟ್ಟುತ್ತದೆ. ಈ 12 ಸಾಧ್ಯವೇ ಎಂಬುದನ್ನು ಆ್ಯಪ್ ಬರೆಸುವ ಮೊದಲೇ ಕಂಡುಕೊಳ್ಳಬೇಕು.

ಎಲ್ಲ ಹೊರೆಗಳನ್ನೂ ಒಬ್ಬನೇ ಹೊರಬೇಕೆಂದಿಲ್ಲ ಎಂಬುದೂ ಗಮನಾರ್ಹ. 2021ರ ಕೊನೆಯಲ್ಲಿ ಕಂಪನಿಯಾಗಿ ನೋಂದಣಿಯಾದ ಒಎನ್‌ಡಿಸಿ ಜಾಲವು ಕೊಳ್ಳುವವರ ಆ್ಯಪ್, ಮಾರುವವರ ಆ್ಯಪ್, ಸಾಗಣೆ ಇವುಗಳನ್ನು ಬಿಡಿಬಿಡಿಯಾಗಿ ಬೇರೆ ಬೇರೆ ಸಂಸ್ಥೆಗಳು ಒದಗಿಸುವಂತೆ ರೂಪುಗೊಂಡಿದೆ. ಅದರ ಸಾರ್ವಜನಿಕ ಪ್ರಯೋಗ 2022ರ ಸೆಪ್ಟೆಂಬರ್ 30ರಂದು ಬೆಂಗಳೂರಿನ 16 ಪಿನ್‌ಕೋಡ್‌ಗಳಲ್ಲಿ ಆರಂಭವಾಯಿತು. ಸಣ್ಣ ಉದ್ಯಮಿ ಅಂಗಡಿಗಳನ್ನು ಸೇರಿಸುವ ಒಂದು ಬದಿಯನ್ನು ಮಾತ್ರ ವಹಿಸಿಕೊಂಡು, ಗಿರಾಕಿಗಳನ್ನು ತರುವ ಕೆಲಸವನ್ನು ಜಾಲಕ್ಕೆ ಬಿಡಬಹುದು. ಗಿರಾಕಿಯೊಡನೆ ನೇರ ಸಂಬಂಧ ಉಳಿಯುವುದಿಲ್ಲ ಎಂಬುದು ಇದರ ಬೆಲೆ; ದೂರು ಬಂದಾಗ ಹೊಣೆ ಯಾರದೆಂಬ ಗೊಂದಲವೂ ಅದರೊಡನೆ ಬರುತ್ತದೆ.

ಕಾನೂನು ವಿನ್ಯಾಸದ ಭಾಗ

ಅಚ್ಚು ಬದಲಾದರೆ ಕಾನೂನಿನ ಹೊಣೆಯೂ ಬದಲಾಗುತ್ತದೆ. ಜಿಎಸ್‌ಟಿ ಕಾಯಿದೆಯ 9(5)ನೆಯ ಉಪವಿಧಿಯ ಅಡಿಯಲ್ಲಿ ಪ್ರಯಾಣಿಕರ ಸಾಗಣೆ, ಹೋಟೆಲ್ ಊಟ, ಪ್ಲಂಬಿಂಗ್–ಮರಗೆಲಸದಂಥ ಮನೆಸೇವೆ, 2025ರ ಸೆಪ್ಟೆಂಬರ್ 22ರಿಂದ ಸ್ಥಳೀಯ ಡೆಲಿವರಿ ಮುಂತಾದವಕ್ಕೆ, ಗೊತ್ತುಪಡಿಸಿದ ಸಂದರ್ಭಗಳಲ್ಲಿ, ಸೇವೆ ಕೊಟ್ಟವನ ಬದಲು ಮಧ್ಯವರ್ತಿಯೇ ತೆರಿಗೆ ಕಟ್ಟಬೇಕು. ಹಣವನ್ನು ಮುಟ್ಟದ ಚಂದಾ ಪದ್ಧತಿಗೂ ಇದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗೆ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 2023ರಲ್ಲಿ ‘ನಮ್ಮ ಯಾತ್ರಿ’ಯ ವಿಷಯದಲ್ಲಿ ಇಲ್ಲವೆಂದೂ 2024ರಲ್ಲಿ ಊಬರ್ ವಿಷಯದಲ್ಲಿ ಹೌದೆಂದೂ ಉತ್ತರಿಸಿತು. ಇಂಥ ತೀರ್ಪು ಅರ್ಜಿದಾರನಿಗೆ ಮಾತ್ರ ಅನ್ವಯಿಸುವುದರಿಂದ, ಇನ್ನೊಬ್ಬರ ತೀರ್ಪನ್ನು ನಂಬಿ ದರಪಟ್ಟಿ ಸಿದ್ಧಪಡಿಸುವುದು ಅಪಾಯಕರ.

ಗಿರಾಕಿಯ ಹಣವನ್ನು ತನ್ನ ಖಾತೆಗೆ ಪಡೆದು ಆಮೇಲೆ ಮಾರಾಟಗಾರನಿಗೆ ಕೊಡುವ ಆಸೆಯನ್ನು ಸಣ್ಣ ಉದ್ಯಮಿ ಬಿಡಬೇಕು; ರಿಸರ್ವ್ ಬ್ಯಾಂಕಿನ ನಿಯಮಗಳು ಇಂಥ ಪಾವತಿ ಸಂಗ್ರಾಹಕರಿಗೆ ಅನುಮತಿಯನ್ನೂ ಅರ್ಜಿಯ ಹೊತ್ತಿಗೆ 15 ಕೋಟಿ ರೂಪಾಯಿ ನಿವ್ವಳ ಆಸ್ತಿಯನ್ನೂ ಬೇಡುತ್ತವೆ. ಅನುಮತಿ ಪಡೆದ ಸಂಸ್ಥೆಯ ಮೂಲಕ ಹಣ ನೇರವಾಗಿ ಪಾಲಾಗುವಂತೆ ಜೋಡಿಸಿಕೊಳ್ಳಬಹುದು. ಗ್ರಾಹಕ ರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆ ಕೆಲಸಕ್ಕೆ ನೇಮಿಸುವ ಒಬ್ಬರ ಸಂಬಳ ಮೇಲಿನ ಲೆಕ್ಕದೊಳಗೆ ಸೇರಬೇಕು.

ಕರ್ನಾಟಕಕ್ಕೆ ವಿಶೇಷವಾದದ್ದು 2025ರ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯಿದೆ. ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಲು ಅದು ಅವಕಾಶ ಕೊಡುತ್ತದೆ. ಕೆಲಸದಿಂದ ತೆಗೆಯಲು ಲಿಖಿತ ಕಾರಣ ಮತ್ತು 14 ದಿನಗಳ ಮುನ್ಸೂಚನೆ ಬೇಕು, ಕೆಲಸ ಹಂಚುವ ಸ್ವಯಂಚಾಲಿತ ವ್ಯವಸ್ಥೆ ಹೇಗೆ ನಿರ್ಧರಿಸುತ್ತದೆಂಬುದನ್ನು ಕಾರ್ಮಿಕರಿಗೆ ತಿಳಿಸಬೇಕು. ಕಲ್ಪಿತ ಕೂಡುಲೋಡಿನಲ್ಲಿ ಚಾಲಕನ 1,400ಕ್ಕೆ ಶೇ. 1 ಎಂದರೆ 14 ರೂಪಾಯಿ, ಶೇ. 5 ಎಂದರೆ 70 ರೂಪಾಯಿ. ಮಧ್ಯವರ್ತಿಗೆ ಉಳಿಯುವ 200 ರೂಪಾಯಿ 186ಕ್ಕೋ 130ಕ್ಕೋ ಇಳಿದು, ಅಸಲಿಗೆ ಬೇಕಾದ ದಿನದ ಲೋಡುಗಳು 12ರಿಂದ 13ಕ್ಕೋ 19ಕ್ಕೋ ಏರುತ್ತವೆ. ಈ ಶುಲ್ಕವನ್ನು ಹೊರೆಯೆಂದು ದೂರುವ ಉದ್ಯಮಿಗಳಿದ್ದಾರೆ. ಆದರೆ ಬೆನ್ನು ಬಗ್ಗಿಸಿ ದುಡಿಯುವವನ ಅಪಘಾತದ ಅಪಾಯವನ್ನು ಈವರೆಗೆ ಅವನೊಬ್ಬನೇ ಹೊತ್ತಿದ್ದ. ಆ ಬಾಣಕ್ಕೆ ಪ್ರತಿಬಾಣ ಇರಲಿಲ್ಲ. ಕಾಯಿದೆ ಎಳೆದದ್ದು ಆ ಪ್ರತಿಬಾಣವನ್ನೇ.

ಇಷ್ಟು ಸಿದ್ಧವಾದ ಮೇಲೆ ಮೊದಲ ಪ್ರಯೋಗಕ್ಕೆ ಆ್ಯಪ್ ಬೇಕಾಗಿಲ್ಲ. ಯಾರ್ಡಿನ ಒಂದು ಗೇಟು, ಒಂದು ಬಡಾವಣೆ, ಒಂದು ವಾಟ್ಸ್‌ಆ್ಯಪ್ ಗುಂಪು ಮತ್ತು ಒಂದು ಲೆಡ್ಜರ್ ಪುಸ್ತಕ ಸಾಕು. ಪುಸ್ತಕದಲ್ಲಿ ಪ್ರತಿ ಲೋಡಿಗೂ ಯಾರು ಕೇಳಿದರು, ಎಷ್ಟು ಹೊತ್ತಿಗೆ ಜೊತೆ ಸಿಕ್ಕಿತು, ಯಾರು ಎಷ್ಟು ಕೊಟ್ಟರು, ಯಾವ ಅಂಗಡಿ ಎರಡನೆಯ ಸಲ ಬರಲಿಲ್ಲ ಎಂಬುದನ್ನು ಬರೆಯಬೇಕು. ಬರದೇ ಹೋದ ಅಂಗಡಿಗೆ ಹೋಗಿ, ಮಾಲು ಈಗ ಹೇಗೆ ಬರುತ್ತಿದೆ ಎಂದು ಕೇಳಬೇಕು. ಹಳೆಯ ಚಾಲಕನೇ ನೇರವಾಗಿ ತರುತ್ತಿದ್ದರೆ ಶುಲ್ಕದ ಅಚ್ಚು ಬದಲಾಗಬೇಕು, ಯಾರ್ಡಿಗೆ ಬರುವುದನ್ನೇ ಬಿಟ್ಟಿದ್ದರೆ ಬಡಾವಣೆ ಬದಲಾಗಬೇಕು.